ಒಂದೇ ಪೊಟ್ಟಣ ಪ್ರಸಾದ

ನಿನ್ನ ಓದು ನಿಲ್ಲಿಸಿದ್ದು ನಿನ್ನ ನಾದಿನಿ ರೇವತಿ ಅಲ್ಲ, ಸುಮಾ. ನಾನು.

ಇವತ್ತು ಬೆಳಿಗ್ಗೆ ಮನೆಖರ್ಚಿನ ಕಾಫಿಬೀಜ ಹುರಿಯುತ್ತಿದ್ದೆ. ಮಂಡಿನೋವು ಕಮ್ಮಿಯಿತ್ತು, ಗ್ಯಾಸ್ ಇನ್ನೂ ಮುಗಿದಿರಲಿಲ್ಲ – ಇಷ್ಟು ಕೊಟ್ಟೆಯಲ್ಲ ಎಂದು ದೇವರಿಗೆ ಹೇಳಿಕೊಳ್ಳುತ್ತಿದ್ದಾಗ ನಿನ್ನ ಫೋನು ಬಂತು.

"ಗಿರಿಜಾ, ಮತ್ತೆ ಪಿಎಚ್.ಡಿ.ಗೆ ಸೇರ್ಕಂಡೆ ಕಣೇ! ಅದೇ ಇಟಲಿ ಲೇಖಕಿ, ಅದೇ ಕಾದಂಬರಿಗಳು. ಮೊದಲ್ನೇ ಪುಟದಲ್ಲಿ ನಿನ್ನ ಹೆಸರೇ ಹಾಕದು. ಆ ರೇವತಿ ಹಂಗೆ ಮಾಡಿದ್ರೂ ನನ್ನ ಬಿಟ್ಟುಕೊಡದವಳು ನೀನೊಬ್ಳೇ."

"ಒಳ್ಳೇದಾಯ್ತು ಮಾರಾಯ್ತಿ" ಎಂದೆ. ಬೀಜ ಬಾಣಲೆಯಲ್ಲೇ ಕರಕಾಯಿತು.

ಸೊಸೆ ಓದುವುದು ನಿನ್ನ ಅತ್ತೆಗೆ ಬೇಡವಾಗಿತ್ತು. ಅದಕ್ಕೇ ನನ್ನ ಶನಿವಾರದ ಹರಕೆಯ ನೆರಳಲ್ಲಿ ನಿನ್ನನ್ನು ಬಚ್ಚಿಟ್ಟೆ. ಇಬ್ಬರೂ ದೇವಸ್ಥಾನಕ್ಕೆಂದು ಹೊರಟು ಕಳಸದಲ್ಲಿ ಇಳಿಯುತ್ತಿದ್ದೆವು. ನಾನು ಗುಡಿಗೆ, ನೀನು ನಿನ್ನ ಪಿಎಚ್.ಡಿ. ಮೇಡಂ ಇದ್ದ ಮೂಡಿಗೆರೆಗೆ. ಭಟ್ಟರ ಹತ್ತಿರ ಎರಡು ಪೊಟ್ಟಣ ಪ್ರಸಾದ ಕೇಳಿ ಪಡೆದು, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿನಗೊಂದು ಕೊಡುತ್ತಿದ್ದೆ. ಊರಿನ ಬಸ್ಸು ಬರುವ ತನಕ ನೀನು ಆ ಕಾದಂಬರಿಗಳ ಹೆಂಗಸರ ಕಥೆ ಹೇಳುತ್ತಿದ್ದೆ – ಅವರ ಗೆಳೆತನ, ಗಂಡಂದಿರು, ಮಕ್ಕಳು, ಒಬ್ಬರ ಮೇಲೊಬ್ಬರಿಗೆ ಹೊಟ್ಟೆಕಿಚ್ಚು. "ಅಲ್ಲೂ ಅತ್ತೇರು ಇದಾರೇನೇ?" ಎಂದು ಕೇಳಿ ನಾನು ನಗುತ್ತಿದ್ದೆ. ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ಮನೆಗೆ ಬಂದು ಒಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದೆ.

ಅಂಥ ಒಂದು ಸಂಜೆಯೇ ನಿನಗೆ ನನ್ನ ಗುಟ್ಟು ಹೇಳಿದ್ದು. ಎರಡನೆಯದೂ ಹೆಣ್ಣೇ ಎಂದಾಗ ನಾನು ಮಗುವನ್ನು ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದು, ಅದು ಅತ್ತು ಅತ್ತು ದನಿ ಕಳಕೊಂಡಿದ್ದು... ಅದುವರೆಗೆ ದೇವರಿಗೆ ಮಾತ್ರ ಗೊತ್ತಿದ್ದ ವಿಷಯ.

ಆಮೇಲೆ ಕಾಲೇಜಿನಲ್ಲಿ ನಿನ್ನ ಭಾಷಣ. ಆ ಶನಿವಾರ ನಿನಗೋಸ್ಕರ ಹರಕೆಯನ್ನೇ ತಪ್ಪಿಸಿದೆ. ಮನೆಯಲ್ಲಿ ಪ್ರಸಾದವೆಂದು ತೋರಿಸಲು ಹಳೇ ಕುಂಕುಮವನ್ನೇ ಪೊಟ್ಟಣ ಕಟ್ಟಿಕೊಂಡು ಬಂದೆ. ನೀನು ವೇದಿಕೆ ಮೇಲೆ ನಿಂತು, "ಇಟಲಿಯ ತಾಯಂದಿರ ಮಾತು ದೂರದ್ದಾಯಿತು, ನನ್ನ ಗೆಳತಿಯೊಬ್ಬಳು..." ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಗೋಡೆಯನ್ನೂ ಬಿಡಲಿಲ್ಲ. ಹೇಳುತ್ತಾ ನನ್ನ ಕಡೆ ನೋಡಿದೆ. ಮುಂದಿನ ಸಾಲಿನ ಹುಡುಗಿಯರೂ ತಿರುಗಿ ನೋಡಿದರು. ಚಪ್ಪಾಳೆ ಬಿತ್ತು. ಬರುವಾಗ ನೀನು, "ಹೆಂಗಿತ್ತೇ?" ಎಂದು ಕೇಳಿದೆ.

ದೇವರು ಯಾರಿಗೂ ಹೇಳಿರಲಿಲ್ಲ, ಸುಮಾ.

ಮುಂದಿನ ಶನಿವಾರ ನಾನು ಒಂದೇ ಪೊಟ್ಟಣ ತೆಗೆದುಕೊಂಡೆ. ನಿನಗೆ ಕಾಯದೆ ಮೊದಲಿನ ಬಸ್ಸಿಗೇ ಬಂದು, ಬೇಕೆಂದೇ ನಿಮ್ಮ ಮನೆ ಮುಂದೆ ಹಾದೆ. ಜಗಲಿ ಮೇಲಿದ್ದ ನಿನ್ನ ಅತ್ತೆ ಕರೆದರು.

"ಏನೇ ಗಿರಿಜಾ, ಒಂದೇ ಪೊಟ್ಟಣ? ನಮ್ಮ ಸೊಸೇದೆಲ್ಲಿ? ದೇವ್ರೂ ಜಿಪುಣ ಆದ್ನಾ?"

"ಅವಳು ದೇವಸ್ಥಾನಕ್ಕೆ ಬಂದ್ರೆ ತಾನೇ, ದೊಡ್ಡಮ್ಮ?"

ಅಷ್ಟೇ. ಆಮೇಲೆ, "ನನ್ನ ಹೆಸರು ಮಾತ್ರ ಹೇಳ್ಬೇಡಿ" ಎಂದೆ. ಅವರು ಸಾಯುವವರೆಗೂ ಹೇಳಲಿಲ್ಲ.

ಮರುದಿನ ನೀನು ಅತ್ತು ಕಣ್ಣು ಊದಿಸಿಕೊಂಡು ಬಂದು, "ಯಾರೇ ಹೇಳಿದ್ದು?" ಎಂದು ಕೇಳಿದೆ. "ತಲೆನೋವು ಅಂತ ನಾನು ಬೇಗ ಬಂದೆ. ರೇವತಿ ನಿನ್ನ ಮೂಡಿಗೆರೆ ಬಸ್ಸಲ್ಲಿ ನೋಡಿರ್ಬೇಕು" ಎಂದೆ. ನೀನು ನನ್ನ ಭುಜಕ್ಕೇ ತಲೆಯಿಟ್ಟು ಅತ್ತೆ.

ನೀನು ನನ್ನ ಗುಟ್ಟನ್ನು ಹೆಸರಿಲ್ಲದೆ ಹೇಳಿದ್ದೆ. ನಾನು ಹೆಸರು ಹಿಡಿದು ಹೇಳಿದೆ – ಅದೂ ತಪ್ಪು ಮಾಡದ ರೇವತಿಯ ಹೆಸರು. ಅಂದಿನ ಉರಿ ನನಗೆ ಇವತ್ತಿಗೂ ಆರಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಅದನ್ನು ನಿನ್ನ ಮುಂದೆ ಹೇಳಬೇಕಿತ್ತು, ಜಗಳ ಆಡಬೇಕಿತ್ತು. ಪ್ರಸಾದ ಹಿಡಿದ ಕೈಯಲ್ಲಿ –

ಮಧ್ಯಾಹ್ನ ರೇವತಿಗೆ ಫೋನು ಮಾಡಿ ಹೇಳಿದೆ. "ನನ್ನ ಮಗಳ ಮದುವೆಗೂ ಅವಳು ಬರ್ಲಿಲ್ಲ ಮಾರಾಯ್ತಿ" ಎಂದಳು. ಬೈಯಲಿಲ್ಲ.

ಮೊದಲ ಪುಟದಲ್ಲಿ ನನ್ನ ಹೆಸರು ಹಾಕಬೇಡ. ರೇವತಿಯ ಮನೆಗೆ ಒಂದು ಸಲ ಹೋಗಿ ಬಾ. ನಮ್ಮ ಮನೆಗೆ ಬರಬೇಕೋ ಬೇಡವೋ, ನೀನೇ ನೋಡು.

ಬಾಣಲೆಯ ತಳ ಕರಿ ಹಿಡಿದಿದೆ. ಬೂದಿ ಹಾಕಿ ನೆನೆಸಿಟ್ಟಿದ್ದೇನೆ. ತಿಕ್ಕಬೇಕು.