ಫ್ರಾನ್ಸಿನ ಹೊಲದಲ್ಲಿ ಬಾಯಮ್ಮನ ತೆನೆ

ಮೊನ್ನೆ ಅಂಗಡಿಗೆ ಪಿಂಗಾಣಿ ಬಟ್ಟಲುಗಳ ಪೆಟ್ಟಿಗೆಯೊಂದು ಬಂತು. ಈಗೆಲ್ಲ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸುತ್ತಾರೆ. ಇದರಲ್ಲಿ ಮಾತ್ರ ಯಾರೋ ಪುಣ್ಯಾತ್ಮರು ನಿಜವಾದ ಒಣಹುಲ್ಲು ತುಂಬಿದ್ದರು. ಮುಚ್ಚಳ ತೆಗೆದದ್ದೇ ತಡ, ಬಿಸಿಲು ಕುಡಿದ ಹುಲ್ಲಿನ ಆ ವಾಸನೆ... ಲಂಡನ್ನಿನ ವೆಂಬ್ಲಿಯ ಇಕ್ಕಟ್ಟಿನ ಗೋದಾಮಿನಲ್ಲಿ ನಿಂತಿದ್ದವಳು ಒಂದು ಗಳಿಗೆ ಫ್ರಾನ್ಸಿನ ಹಳ್ಳಿ ರಸ್ತೆಯ ಮೇಲಿದ್ದೆ. ಪಕ್ಕದ ಸೀಟಿನಲ್ಲಿ ಕೆಳಗಿನ ಮನೆಯ ಬಾಯಮ್ಮ, ಅವರ ಮಡಿಲಲ್ಲಿ ಚಕ್ಕುಲಿ ಡಬ್ಬಿ.

ಉಡುಪಿ ಕಡೆಯ ಕ್ರೈಸ್ತರು ಅವರು, ಇಲ್ಲೇ ನರ್ಸ್ ಆಗಿದ್ದು ನಿವೃತ್ತರಾದವರು. ನನ್ನ ಅಂಗಡಿಯ ಕರಾವಳಿ ಗಿರಾಕಿಗಳೆಲ್ಲ ಬಾಯಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನೋ ದಾವಣಗೆರೆಯವಳು. ಸಂತೆಯಲ್ಲಿ ಮೇಜು ಹಾಕಿ ಸ್ಟೀಲ್ ಡಬ್ಬಿ ಮಾರುತ್ತಾ ಶುರುಮಾಡಿ, ಸ್ವಂತದ ಪಾತ್ರೆ ಅಂಗಡಿ ಮಾಡಿಕೊಂಡವಳು. ಇಬ್ಬರದೂ ಒಂಟಿ ವಾಸ, ಒಂದೇ ಕಟ್ಟಡ, ಮೇಲೊಂದು ಕೆಳಗೊಂದು ಫ್ಲಾಟು. ಮೀನು ಸಾರಿನ ವಾಸನೆ ಬಗ್ಗೆ ಜಗಳ ಆಡಿಯೇ ನಮ್ಮ ಸ್ನೇಹ ಬೆಳೆದದ್ದು.

ಆಗಸ್ಟಿನಲ್ಲಿ ವ್ಯಾಪಾರ ಹೇಗೂ ಮಂಕು. ಒಂದು ವರ್ಷ ಅಂಗಡಿಗೆ ಬೀಗ ಹಾಕಿ ಫ್ರಾನ್ಸಿನ ಹಳ್ಳಿಗಳಲ್ಲಿ ಹಳೇ ತಾಮ್ರದ ಪಾತ್ರೆ ಹುಡುಕೋಣ, ಹಾಗೇ ಸುತ್ತಾಡೋಣ ಅಂತ ನಾನು ಹೊರಟಿದ್ದೆ. ಬಾಯಮ್ಮ ಮೆಟ್ಟಿಲ ಮೇಲೆ ಅಡ್ಡ ನಿಂತರು.

“ನಾನೂ ಬರ್ತೇನೆ. ನೀನು ಕಾರು ಬಿಡು, ನಾನು ದಾರಿ ಹೇಳ್ತೇನೆ.”

“ನಿಮಗೆ ಅಲ್ಲಿ ದಾರಿ ಗೊತ್ತೇನ್ರೀ?”

“ಎಂತದೂ ಗೊತ್ತಿಲ್ಲ. ಗೊತ್ತಿದ್ರೆ ತಿರುಗುವುದು ಎಂತಕ್ಕೆ ಮಾರಾಯ್ತಿ?”

ಹಡಗಿನಲ್ಲಿ ಕಡಲು ದಾಟಿದ ಮೇಲೆ ತಮ್ಮ ನಿಜವಾದ ಕೆಲಸ ಹೇಳಿದರು. ಸೆಪ್ಟೆಂಬರಿನಲ್ಲಿ ಅವರ ತೆನೆ ಹಬ್ಬ, ಮೇರಿ ಮಾತೆಯ ಹುಟ್ಟುಹಬ್ಬ. ಹೊಸ ಬೆಳೆಯ ಕಾಳನ್ನು ಹಾಲಿನಲ್ಲಿ ಕಲಸಿ ಮನೆಮಂದಿಯೆಲ್ಲ ಉಣ್ಣಬೇಕು. ಊರಿನಲ್ಲಿದ್ದ ಅಣ್ಣ ಪ್ರತಿವರ್ಷ ಮನೆ ಗದ್ದೆಯ ತೆನೆ ಪುಡಿಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ಅಣ್ಣ ತೀರಿಕೊಂಡರು, ಗದ್ದೆ ಕೈಬಿಟ್ಟುಹೋಯಿತು. ಹಿಂದಿನ ವರ್ಷ ಬಾಯಮ್ಮ ಹಬ್ಬ ಮಾಡಿರಲಿಲ್ಲ.

“ಈ ವರ್ಷವೂ ತಪ್ಪಿದ್ರೆ ಮತ್ತೆ ಮಾಡುವುದಿಲ್ಲ. ಮಗಳ ಮಕ್ಕಳಿಗೆ ಹೇಗೂ ಪಿಜ್ಜಾ ಸಾಕು. ಭತ್ತವೇ ಆಗಬೇಕಂತ ಇಲ್ಲ. ಹೊಸ ಬೆಳೆ, ತೆನೆಯಲ್ಲಿ ಕಾಳು ಇರಬೇಕು, ಅಷ್ಟೇ.”

ಇಷ್ಟೇನಾ, ಎಂದೆ. ಕೊಡಿಸದೆ ಬಿಟ್ಟ ಸಾಮಾನು ನನ್ನ ಜನ್ಮದಲ್ಲಿ ಇಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ಕಾಲು ನಿಲ್ಲುವುದಿಲ್ಲ! ಹೋಗುವವರಿಗೆ ಹೇಳುತ್ತೇನೆ: ಹೆದ್ದಾರಿ ಬಿಡಿ. ಚರ್ಚಿನ ಗೋಪುರ ಕಂಡ ಕಡೆ ಕಾರು ತಿರುಗಿಸಿ, ಅಲ್ಲೊಂದು ಹಳ್ಳಿ ಇರಲೇಬೇಕು. ಬ್ರೆಡ್ಡನ್ನು ಬೆಳಿಗ್ಗೆಯೇ ಕೊಳ್ಳಿ, ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಉಣ್ಣಲು ಕೂರುತ್ತದೆ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಅಂತ ನಮಸ್ಕಾರ ಹೇಳಿ, ಹೇಳದಿದ್ದರೆ ನೀವು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬೂದುಕಲ್ಲಿನ ಮನೆಗಳು, ಕಿಟಕಿಗೊಂದು ಕೆಂಪು ಹೂವಿನ ಕುಂಡ, ಮರದ ನೆರಳಲ್ಲಿ ಕಬ್ಬಿಣದ ಚೆಂಡು ಉರುಳಿಸಿ ಆಡುವ ಮುದುಕರು. ಬಾಯಮ್ಮ ಒಬ್ಬೊಬ್ಬರಿಗೂ ಚಕ್ಕುಲಿ ಹಂಚಿದರು. ಒಬ್ಬ ಅಜ್ಜ ಅದನ್ನು ಕಡಿದು, ಕಣ್ಣರಳಿಸಿ, ತನ್ನ ಚೆಂಡನ್ನೇ ಇವರ ಕೈಗೆ ಕೊಟ್ಟ. ಇವರು ಸೆರಗು ಸಿಕ್ಕಿಸಿ ಎಸೆದ ಏಟಿಗೆ ಗೆಲ್ಲುತ್ತಿದ್ದವನ ಚೆಂಡು ಚರಂಡಿ ಸೇರಿತು. ಆ ನಗು... ಸಂಜೆವರೆಗೆ ನಮ್ಮನ್ನು ಬಿಡಲಿಲ್ಲ ಅವರು.

ಎಲ್ಲ ಸಿಕ್ಕಿತು, ತೆನೆ ಸಿಗಲಿಲ್ಲ. ನಾವು ಹೋಗುವ ಹೊತ್ತಿಗೆ ಗೋಧಿ ಕೊಯ್ದಾಗಿತ್ತು. ಎಲ್ಲಿ ನೋಡಿದರೂ ಕೂಳೆ, ಹುಲ್ಲಿನ ಉರುಳೆಗಳು. ಪ್ರತಿ ತಿರುವಿನಲ್ಲೂ ಬಾಯಮ್ಮ ಕತ್ತು ಚಾಚುತ್ತಿದ್ದರು, ಬೋಳು ಹೊಲ ಕಂಡರೆ ಮತ್ತೆ ಸೀಟಿಗೆ ಒರಗುತ್ತಿದ್ದರು.

ಒಂದು ಊರಿನ ವಾರದ ಸಂತೆಯಲ್ಲಿ ಒಣಗಿದ ಗೋಧಿ ತೆನೆಯ ಕಟ್ಟು ಕಂಡೆ, ಅಲಂಕಾರಕ್ಕೆ ಇಡುವಂಥದ್ದು, ರಿಬ್ಬನ್ ಕಟ್ಟಿತ್ತು. ನನ್ನ ಕೈ ತುರಿಸಿತು. ಬೆರಳಿನಲ್ಲೇ ಚೌಕಾಸಿ ಶುರುಮಾಡಿದೆ. ಅವನು ಜಗ್ಗಲಿಲ್ಲ. ಬೇಡ ಬಿಡಪ್ಪಾ ಅಂತ ತಿರುಗಿ ನಡೆದೆ. ಗಿರಾಕಿ ಬೆನ್ನು ತಿರುಗಿಸಿದರೆ ಅಂಗಡಿಯವನು ಕೂಗಿ ಕರೆಯಬೇಕು, ನಮ್ಮ ಸಂತೆಯ ಶಾಸ್ತ್ರ ಅದು. ಇವನೋ ನಗುತ್ತಾ ಕೈಬೀಸಿ ಬೀಳ್ಕೊಟ್ಟ. ಹೂಕೋಸು ನೋಡುವವಳ ಹಾಗೆ ನಟಿಸಿ ನಿಂತೆ, ಮತ್ತೂ ಕರೆಯಲಿಲ್ಲ. ಕೊನೆಗೆ ನಾನೇ ವಾಪಸು ಹೋಗಿ ಹೇಳಿದ ರೇಟಿಗೇ ತಂದೆ.

ಬಾಯಮ್ಮ ಅದನ್ನು ಮುಟ್ಟಲೇ ಇಲ್ಲ. “ಕೊಂಡ ತೆನೆ ನಮ್ಮಲ್ಲಿ ನಡೆಯುವುದಿಲ್ಲ. ಬೆಳೆದವರು ಕೈಯಾರೆ ಕೊಡಬೇಕು.”

“ಮೊದಲೇ ಹೇಳಬಾರದಿತ್ತೇನ್ರೀ?”

“ನೀನು ಒಳ್ಳೆ ಖುಷಿಯಲ್ಲಿದ್ದಿ, ಚೌಕಾಸಿ ಮಾಡಿಕೊಳ್ಳಲಿ ಅಂತ ಬಿಟ್ಟೆ.”

ಹಡಗಿಗೆ ವಾಪಸು ಹೋಗುವ ದಿನ ಬಂತು. ಬಾಯಮ್ಮ ಹುಡುಕುವುದನ್ನು ಬಿಟ್ಟು ಜಪಮಾಲೆ ಹಿಡಿದಿದ್ದರು. ಒಂದು ದಿಬ್ಬ ಹತ್ತಿ ಇಳಿದೆವು ನೋಡಿ... ತೋಟದ ಮನೆಯ ಹಿಂದೆ ಓಟ್ಸಿನ ತುಂಡು ಹೊಲ. ಯಾಕೋ ತಡವಾಗಿ ಬಿತ್ತಿದ್ದಿರಬೇಕು, ಕಾಳು ತೂಗುತ್ತಾ ನಿಂತಿತ್ತು. ಬ್ರೇಕ್ ಹಾಕಿದ ರಭಸಕ್ಕೆ ಚಕ್ಕುಲಿ ಡಬ್ಬಿ ಕಾಲಡಿ ಬಿತ್ತು.

ಗೇಟಿನಲ್ಲಿ ರೈತ ತಂತಿ ಬಿಗಿಯುತ್ತಿದ್ದ. ನಾನು ಇಳಿದವಳೇ ಬೋಂಜೂರ್ ಅಂದೆ, ಹೊಲ ತೋರಿಸಿದೆ, ಪರ್ಸ್ ತೆಗೆದು ನೋಟು ಚಾಚಿದೆ. ಅವನು ನೋಟನ್ನು ನೋಡಿದ, ನನ್ನನ್ನು ನೋಡಿದ, ತಲೆಯಾಡಿಸಿದ. ಇನ್ನೊಂದು ನೋಟು ತೆಗೆದೆ. ಮುಖ ಬಿಗಿದುಕೊಂಡು ರಸ್ತೆಯ ಕಡೆ ಕೈ ತೋರಿಸಿದ.

“ಪರ್ಸ್ ಒಳಗಿಡು,” ಅಂದರು ಬಾಯಮ್ಮ ಹಿಂದಿನಿಂದ. “ಬೇಡುವಾಗ ಕೈ ಖಾಲಿ ಇರಬೇಕು.”

ಅವರಿಗೆ ಫ್ರೆಂಚಿನ ಒಂದಕ್ಷರ ಬಾರದು. ಗೇಟಿನ ಹೊರಗೇ ನಿಂತು ಶಿಲುಬೆ ಗುರುತು ಮಾಡಿದರು. “ಮರಿಯಾ” ಅಂದರು. ಎದೆಯ ಹತ್ತಿರ ಕೂಸು ಎತ್ತಿಕೊಂಡಂತೆ ತೋಳು ತೂಗಿದರು. ತೆನೆಯ ಕಡೆ ಬೆರಳು ತೋರಿ, ಬೊಗಸೆ ಒಡ್ಡಿ, ಬಾಯಿಗೆ ಒಯ್ದರು. ಸಮುದ್ರದಾಚೆ ಅಂತ ಕೈಯೆತ್ತಿ ತೋರಿಸಿದವರು ‘ಅಣ್ಣ’ ಅಂತ ಕನ್ನಡದಲ್ಲೇ ಹೇಳಿ ಕಣ್ಣು ಮುಚ್ಚಿದರು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ರೈತನ ಹೆಂಡತಿ ಗಂಡನಿಗೆ ಏನೋ ಗದರಿದಳು. ಕುಡುಗೋಲು ತಂದಳು. ಬಾಯಮ್ಮನ ಕೈ ಹಿಡಿದು ಹೊಲಕ್ಕೆ ಇಳಿಸಿದಳು. ತಾನೇ ಕೊಯ್ದು, ತನ್ನ ಏಪ್ರನ್ನಿನ ದಾರ ಬಿಚ್ಚಿ ಕಟ್ಟಿ, ಎರಡೂ ಕೈಯಿಂದ ಕೊಟ್ಟಳು. ಬಾಯಮ್ಮ ತೆನೆಯನ್ನು ಹಣೆಗೊತ್ತಿಕೊಂಡರು. ಅವಳೂ ಒತ್ತಿಕೊಂಡಳು.

ಕಾರು ಹೊರಟ ಮೇಲೆ ಬಾಯಮ್ಮ ಕೊಂಕಣಿಯಲ್ಲಿ ಹಾಡತೊಡಗಿದವರು ಹಡಗು ಹತ್ತುವವರೆಗೂ ನಿಲ್ಲಿಸಲಿಲ್ಲ. ಅರ್ಥ ತಿಳಿಯದಿದ್ದರೂ ನಾನೂ ಸ್ಟಿಯರಿಂಗ್ ಮೇಲೆ ತಾಳ ಹಾಕಿದೆ. ತಾಮ್ರದ ಪಾತ್ರೆ ಒಂದೂ ಕೊಂಡಿರಲಿಲ್ಲ ಅನ್ನುವುದು ಮನೆ ಮುಟ್ಟಿದ ಮೇಲೆ ನೆನಪಾಯಿತು.

ಆ ವರ್ಷ ಹಬ್ಬಕ್ಕೆ ಕೆಳಗಿನ ಫ್ಲಾಟಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಲ್ಲಿಂದ ಪ್ರತಿ ಆಗಸ್ಟೂ ನಾವಿಬ್ಬರು ಹೋದೆವು, ಬೇರೆ ಬೇರೆ ದಾರಿ, ಬೇರೆ ಬೇರೆ ಹೊಲ. ಕೇಳುವ ಕೆಲಸ ಅವರದು, ಕಾರು ನನ್ನದು.

ಬಾಯಮ್ಮ ತೀರಿಹೋಗಿ ಎರಡು ಚಳಿಗಾಲವಾಯಿತು. ಫ್ಲಾಟು ಮಾರಿಹೋಯಿತು. ಮೊದಲ ವರ್ಷ ಹಬ್ಬವೂ ಆಗಲಿಲ್ಲ... ಯಾರೂ ಆ ಮಾತೆತ್ತಲಿಲ್ಲ. ಈ ಬೇಸಿಗೆ ನಾನು ಒಬ್ಬಳೇ ಹಡಗು ಹತ್ತಿದೆ. ಪರ್ಸನ್ನು ಕಾರಿನಲ್ಲೇ ಬಿಟ್ಟು ಒಂದು ಹೊಲದ ಅಂಚಿನಲ್ಲಿ ನಿಂತು, ನಾಚಿಕೆ ಬಿಟ್ಟು, ಶಿಲುಬೆ ಗುರುತನ್ನು ತಪ್ಪುತಪ್ಪಾಗಿ ಮಾಡಿ ಕೇಳಿದೆ. ಹುಡುಗಿಯೊಬ್ಬಳು ನಕ್ಕು ಒಂದು ಹಿಡಿ ಕೊಟ್ಟಳು.

ಹಬ್ಬದ ದಿನ ಬಾಯಮ್ಮನ ಮಗಳು ಮಕ್ಕಳನ್ನು ಕರೆದುಕೊಂಡು ಕ್ರಾಯ್ಡನ್ನಿನಿಂದ ನಮ್ಮ ಮನೆಗೇ ಬಂದಳು. ಹಾಲು ಕಾಯಿತು. ಮಕ್ಕಳು ಇಂಗ್ಲಿಷಿನಲ್ಲಿ ಗಲಾಟೆ ಮಾಡುತ್ತಾ ಬಟ್ಟಲು ಹಿಡಿದು ಕೂತವು.

“ಆಂಟಿ, ಮನೆಯ ಹಿರಿಯರೇ ಕಲಸಿ ಕೊಡಬೇಕು, ಅಮ್ಮ ಹಾಗೇ ಮಾಡ್ತಿದ್ದದ್ದು,” ಅಂದಳು ಮಗಳು, ನನ್ನನ್ನೇ ನೋಡುತ್ತಾ.

ಇಡೀ ವೆಂಬ್ಲಿಗೆ ಬುದ್ಧಿ ಹೇಳುವ ಬಾಯಿ ನನ್ನದು. ಕಾಳು ಪುಡಿಮಾಡಿ ಹಿಡಿದುಕೊಂಡು ಹಾಲಿನ ಮುಂದೆ ನಿಂತೆ. ಎಷ್ಟು ಹಾಕಬೇಕು ಅಂತ ಕೇಳಲು ನನಗಿಂತ ಹಿರಿಯರು ಯಾರೂ ಇರಲಿಲ್ಲ.