ಮಂಗಳನ ಮೇಲೆ ಮಿಸ್ ಘಾಲಿಯಾ ಕಟ್ಟಿಸುವ ಊರು

ಇರ್ಬಿದ್ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವ ಮಿಸ್ ಘಾಲಿಯಾ ಅವರಿಗೆ ಭೂಮಿ ಸಾಲದಾಗಿ ಬಹಳ ವರ್ಷಗಳಾದವು. ಪ್ರತಿ ಚಳಿಗಾಲದಲ್ಲೂ ಏಳನೆಯ ತರಗತಿಯವರಿಂದ ಮಂಗಳ ಗ್ರಹದ ಮೇಲೊಂದು ಊರು ಕಟ್ಟಿಸುತ್ತಾರೆ. ಎಲ್ಲ ವಿಷಯದ ಟೀಚರುಗಳೂ ಅದಕ್ಕೆ ಕೈಜೋಡಿಸಲೇಬೇಕು. ಗಣಿತದವರು ಊರನ್ನು ಮುಚ್ಚುವ ಗುಮ್ಮಟ ಅಳೆಯುತ್ತಾರೆ, ಧರ್ಮಪಾಠದವರು ಅಲ್ಲಿಂದ ಮಕ್ಕಾ ಯಾವ ದಿಕ್ಕೆಂದು ತಲೆ ಕೆರೆದುಕೊಳ್ಳುತ್ತಾರೆ, ಗೃಹವಿಜ್ಞಾನದ ಮಿಸ್ ವಿದಾದ್ ಅವರಂತೂ, ಆಲಿವ್ ಮರಕ್ಕೆ ಜಾಗ ಬಿಡದಿದ್ದರೆ ನಕ್ಷೆಗೆ ಸಹಿಯನ್ನೇ ಹಾಕುವುದಿಲ್ಲ. “ಜಗಳ ಎಲ್ಲ ಇಲ್ಲೇ ಮುಗಿಸ್ಕೊಳ್ರಮ್ಮ, ಅಲ್ಲಿ ಗಾಳಿ ಕಮ್ಮಿ!” ಎಂದು ಘಾಲಿಯಾ ಗದರುತ್ತಾರೆ. ರಟ್ಟಿನ ಬೀದಿ ಚೂರು ಸೊಟ್ಟಗಿದ್ದರೂ ಊರಿಗೆ ಊರೇ ಕೆಡವಿಸುತ್ತಾರೆ. ಈ ಸಲ ರನೀಮ್ ಎಂಬ ಹುಡುಗಿ ಗುಮ್ಮಟದೊಳಗೆ ಮನೆಗಳ ಬದಲು ಬಟ್ಟೆಯ ಡೇರೆಗಳನ್ನು ನಿಲ್ಲಿಸಿದ್ದಳು. “ಏನೇ ಇದು? ಮುನ್ನೂರು ವರ್ಷ ಬಾಳೋ ಊರು ಅಂದಿದ್ನಲ್ಲ!” “ಗಟ್ಟಿ ಮನೆ ಕಟ್ಬಿಟ್ರೆ ಆಮೇಲೆ ನಮ್ಮೂರಿಗೆ ವಾಪಸ್ ಹೋಗೋಕಾಗಲ್ಲ ಅಂತಾರೆ ನಮ್ಮಜ್ಜಿ, ಮಿಸ್.” ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ನಿರಾಶ್ರಿತರ ಶಿಬಿರದಲ್ಲೇ ಹುಟ್ಟಿ, ಈಗ ಅಲ್ಲೇ ಮೂರಂತಸ್ತಿನ ಮನೆ ಕಟ್ಟಿಕೊಂಡಿರುವ ಘಾಲಿಯಾ ನಗಲಿಲ್ಲ. ರನೀಮ್ ಪಕ್ಕದಲ್ಲಿ ನೆಲಕ್ಕೆ ಕೂತು ಮೆಲ್ಲಗೆ ಹೇಳಿದರು: “ಗೂಟ ಹೀಗೆ ನೇರ ಹೊಡೆದ್ರೆ ಗಾಳಿಗೆ ಕಿತ್ಕೊಂಡು ಹೋಗುತ್ತೆ, ಕಂದಾ. ಸ್ವಲ್ಪ ಓರೆಯಾಗಿ ಹೊಡೀಬೇಕು. ತಾ, ತೋರಿಸ್ತೀನಿ.”