ಎಂಟೆಂಟು ಪುಟದ ಪ್ರೇಮಕಥೆ

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲದ ಮಾತು. ಕುಶಾಲನಗರದ ಹೊಳೆಯ ಸೇತುವೆ ದಾಟಿದರೆ ಮೈಸೂರು ರಾಜ್ಯ, ಇತ್ತ ಬೆಟ್ಟ ಹತ್ತಿದರೆ ನಮ್ಮ ರಾಜಧಾನಿ ಮಡಿಕೇರಿ. ನಮ್ಮ ಮನೆಯವರು ಆ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದರು. ವಾರವೆಲ್ಲ ಮಡಿಕೇರಿಗೆ, ಶನಿವಾರ ಮಾತ್ರ ಶನಿವಾರಸಂತೆಗೆ. ಮನೆಯಲ್ಲಿ ನಾನು, ಅತ್ತೆ, ತವರಿನವರು ಹಾಸನದ ಕಡೆಯಿಂದ ಹೊಡೆದುಕೊಂಡು ಬಂದು ಕೊಟ್ಟಿದ್ದ ಒಂದು ಹಸು. ಮಕ್ಕಳಾಗಿರಲಿಲ್ಲ.

ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅನ್ನಕ್ಕೆ ಎಸರಿಟ್ಟು ಬಾಗಿಲಿಗೆ ಬರುವೆ, ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಮತ್ತೆ ಒಲೆಯ ಹತ್ತಿರಕ್ಕೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯಾ ಎಂದು ಅತ್ತೆ ಕೇಳುತ್ತಿದ್ದರು. ಹಾಗೆ ಓಡಾಡುವಾಗ ನನ್ನ ತಲೆಯೊಳಗೆ ಒಬ್ಬ ಹುಡುಗಿ, ಒಬ್ಬ ಹುಡುಗ ಮಾತಾಡುತ್ತಿರುತ್ತಾರೆ ಎಂದು ಅವರಿಗೆ ಹೇಗೆ ಹೇಳಲಿ? ಹುಡುಗಿ ಏನೋ ಕೇಳುತ್ತಾಳೆ, ಹುಡುಗ ಉತ್ತರ ಕೊಡುವಷ್ಟರಲ್ಲಿ ಹಾಲು ಉಕ್ಕುತ್ತದೆ. ಆ ಉತ್ತರ ಮತ್ತೆ ಸಿಗುವ ತನಕ ನನಗೆ ನೆಮ್ಮದಿಯಿಲ್ಲ. ಪಕ್ಕದ ಮನೆಯ ಮೇಷ್ಟರ ಹೆಂಡತಿ ಕೊಡುತ್ತಿದ್ದ ಪತ್ರಿಕೆಗಳ ಧಾರಾವಾಹಿ ಓದಿ ಓದಿ, ಇದನ್ನು ನಾನೂ ಬರೆಯಬಲ್ಲೆ ಎನಿಸಿತು. ಮಧ್ಯಾಹ್ನ ಅತ್ತೆ ಮಲಗಿದಾಗ ಒರಳುಕಲ್ಲಿನ ಪಕ್ಕ ಕೂತು ಬರೆಯತೊಡಗಿದೆ. ನಾಲ್ಕು ಸಾಲು ಬರೆದು ಏಳುವುದು, ಒಂದು ಸುತ್ತು ಹಾಕಿ ಬಂದು ಮತ್ತೆ ನಾಲ್ಕು ಸಾಲು. ಇವತ್ತಿಗೂ ನನಗೆ ಬೇರೆ ರೀತಿಯಲ್ಲಿ ಬರೆಯಲು ಬಂದಿಲ್ಲ.

ಅರ್ಧ ಕಥೆಯಾದಾಗ ಮೈಸೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಮನೆವಾರ್ತೆ ನೋಡಿಕೊಂಡು ಸುಖವಾಗಿರಬೇಕೆಂಬ ಬುದ್ಧಿಮಾತಿನ ಜೊತೆ ಕಟ್ಟು ಹಿಂದಕ್ಕೆ ಬಂತು. ಎರಡು ದಿನ ಅಳುತ್ತಲೇ ಇದ್ದೆ. ಆಮೇಲೆ ಕೋಪ ಬಂತು. ನಾನೇ ಅಚ್ಚು ಹಾಕಿಸುತ್ತೇನೆ ಎಂದೆ. ನಮ್ಮ ಮನೆಯವರು ಊಟದ ತಟ್ಟೆಯಿಂದ ತಲೆ ಎತ್ತಿ ಒಂದು ಸಲ ನೋಡಿದರು, ಸರಿ ಎಂದರು, ಮತ್ತೆ ಊಟ ಮಾಡಿದರು. ಅವರು ಮಾತಾಡುತ್ತಿದ್ದದ್ದೇ ಅಷ್ಟು. ಅಚ್ಚಿನ ಖರ್ಚಿಗೆ ಹಸು ಮಾರಿದೆ. ಹಾಲಿಲ್ಲದ ಕಾಫಿ ಕುಡಿಯುತ್ತ ಅತ್ತೆ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ.

ಮಡಿಕೇರಿಯ ಮುದ್ರಣಾಲಯ ಒಂದು ಸಣ್ಣ ಕೋಣೆ. ಅದರ ಯಜಮಾನರು ವಯಸ್ಸಾದವರು, ಮದುವೆಯ ಕರೆಯೋಲೆ, ಎಸ್ಟೇಟಿನ ರಸೀದಿ ಇಂಥವನ್ನೇ ಅಚ್ಚು ಹಾಕಿ ಬದುಕಿದವರು. ಅವರ ಹತ್ತಿರ ಇದ್ದ ಅಚ್ಚಿನ ಮೊಳೆಗಳು, ಅಂದರೆ ಸೀಸದ ಅಕ್ಷರಗಳು, ಎಂಟು ಪುಟಕ್ಕೆ ಮಾತ್ರ ಸಾಲುತ್ತಿದ್ದವು. ಎಂಟು ಪುಟ ಜೋಡಿಸಿ, ಅಷ್ಟೂ ಪ್ರತಿಗೆ ಅಚ್ಚು ಹಾಕಿ, ಮೊಳೆ ಬಿಚ್ಚಿ ಮತ್ತೆ ಮುಂದಿನ ಎಂಟಕ್ಕೆ ಕೈ ಹಾಕಬೇಕು. ಕಥೆ ಮುಗಿದಿಲ್ಲ ಎಂದು ಹೆದರುತ್ತ ಹೇಳಿದೆ. ಅವರು, ನೀವು ಬರೀತಾ ಇರಿ, ನಾನು ಜೋಡಿಸ್ತಾ ಇರ್ತೀನಿ ಎಂದುಬಿಟ್ಟರು.

ಹೀಗೆ ವಾರಕ್ಕೊಮ್ಮೆ ಗಂಡನ ಬಸ್ಸು ಹತ್ತಿ ಹೋಗಿ ಬರೆದದ್ದನ್ನು ಕೊಟ್ಟು, ಹಿಂದಿನ ವಾರದ್ದರ ತಪ್ಪು ತಿದ್ದಿ ಬರುತ್ತಿದ್ದೆ. ಬರೆಯುವವಳು ಮುಂದೆ, ಅಚ್ಚಿನ ಯಂತ್ರ ಬೆನ್ನ ಹಿಂದೆ. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಚುನಾವಣೆ ಬಂದು, ಕೊಡಗು ಮೈಸೂರಿಗೆ ಸೇರಬೇಕು ಎನ್ನುವವರ ಕರಪತ್ರ, ಸೇರಬಾರದು ಎನ್ನುವವರ ಕರಪತ್ರ ಎರಡೂ ಅದೇ ಕೋಣೆಯಲ್ಲಿ ಅಚ್ಚಾಗತೊಡಗಿ ನನ್ನ ಕೆಲಸ ನಿಂತಿತು. ನಿಂತದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ, ಆ ಬಿಡುವಿನಲ್ಲಿ ನನ್ನ ಮನಸ್ಸು ಬದಲಾಯಿತು.

ನನ್ನ ಕಥೆಯ ನಾಯಕ ಕಾಫಿ ತೋಟದ ಸಾಹುಕಾರರ ಮಗ. ಹುಡುಗಿಯನ್ನು ಅವನಿಗೆ ಗೊತ್ತು ಮಾಡಿಯಾಗಿತ್ತು, ಅಷ್ಟೂ ಅಚ್ಚಾಗಿತ್ತು. ಆದರೆ ನಡುವೆ ಎಲ್ಲೋ ಅವಳನ್ನು ಪೇಟೆಗೆ ಕರೆದುಕೊಂಡು ಹೋಗಲು ಒಬ್ಬ ಬಸ್ ಡ್ರೈವರನ್ನು ತಂದಿದ್ದೆ. ಅವನು ಒಂದು ಪುಟಕ್ಕೆಂದು ಬಂದವನು, ಹೋಗಲಿಲ್ಲ. ಸಾಹುಕಾರರ ಮಗನ ಬಾಯಲ್ಲಿ ಏನು ಹೇಳಿಸಿದರೂ ಸಪ್ಪೆ, ಡ್ರೈವರ್ ಸುಮ್ಮನೆ ನಿಂತರೂ ನನ್ನ ಕೈ ಓಡುತ್ತಿತ್ತು. ಮೊದಲ ಪುಟಗಳನ್ನು ಬದಲಾಯಿಸಬಹುದೇ ಎಂದು ಕೇಳಿದೆ. ಮುದ್ರಣಾಲಯದ ಯಜಮಾನರು ಮೂಲೆಯಲ್ಲಿ ಪೇರಿಸಿಟ್ಟಿದ್ದ ಅಚ್ಚಾದ ಹಾಳೆಗಳನ್ನು ತೋರಿಸಿದರು.

"ಅದಾಗಿ ಹೋಯ್ತಲ್ಲಮ್ಮ. ಇನ್ನು ತಿದ್ದೋದಾದ್ರೆ ಆ ಹುಡುಗೀನೇ ತಿದ್ಕೋಬೇಕು."

ಬಸ್ಸಿನಲ್ಲಿ ವಾಪಸು ಬರುವಾಗ ಸುಂಟಿಕೊಪ್ಪ ದಾಟುವವರೆಗೆ ಅದನ್ನೇ ಯೋಚಿಸಿದೆ. ಮೊದಲಿಂದ ಡ್ರೈವರನ್ನೇ ಪ್ರೀತಿಸಿದವಳಂತೆ ಅವಳನ್ನು ತೋರಿಸುವ ದಾರಿ ನನಗೆ ಮುಚ್ಚಿಹೋಗಿತ್ತು. ಒಪ್ಪಿದ ಮದುವೆಯನ್ನು ಈಗ ಅವಳೇ ಒಲ್ಲೆ ಎನ್ನಬೇಕು, ಅಪ್ಪನ ಎದುರು ನಿಲ್ಲಬೇಕು, ನನ್ನ ಮನಸ್ಸು ನನಗೇ ಗೊತ್ತಿರಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆಂದೇ ಒಂದು ಅಧ್ಯಾಯ ಬರೆದೆ. ಆ ಪುಸ್ತಕದಲ್ಲಿ ಏನಾದರೂ ಜೀವ ಇದ್ದರೆ ಅದು ಆ ಅಧ್ಯಾಯದಲ್ಲೇ.

ಪುಸ್ತಕ ಬಂತು. ಹೆಸರು ಹಾಕುವ ಧೈರ್ಯವಾಗದೆ, ಬರೆದವರು ಕುಶಾಲನಗರದ ಒಬ್ಬ ಗೃಹಿಣಿ ಎಂದಷ್ಟೇ ಹಾಕಿಸಿದ್ದೆ. ಅಂಗಡಿಗಳಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ. ನಮ್ಮ ಮನೆಯವರು ಒಂದು ಕಟ್ಟನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡರು. ಬೆಟ್ಟದ ದಾರಿ ದೂರ, ಕೂತವರಿಗೆ ಹೊತ್ತು ಹೋಗಬೇಕು. ಒಬ್ಬರು ಕೊಂಡರೆ ಪಕ್ಕದವರು ಜೋರಾಗಿ ಓದಿ ಎನ್ನುತ್ತಿದ್ದರಂತೆ. ಕೊಡವರು, ಮಲಯಾಳದವರು, ತುಳು ಮಾತಾಡುವವರು ಎಲ್ಲ ಕಿವಿ ಕೊಟ್ಟು, ಇಳಿಯುವ ಜಾಗ ಬಂದಾಗ ಮುಂದೇನಾಯ್ತು ಎಂದು ಕೇಳುತ್ತ ಇಳಿಯುತ್ತಿದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಾಣಿಸಿದ್ದು ಇಷ್ಟೇ: ಮೊದಲೇ ಮಾತು ಕಡಿಮೆಯಿದ್ದ ಮನುಷ್ಯ ಪೂರಾ ಸುಮ್ಮನಾದರು. ಒಂದು ದಿನ ಉಳಿದ ಪುಸ್ತಕಗಳನ್ನು ಬಸ್ಸಿನಿಂದ ತಂದು ನಡುಮನೆಯಲ್ಲಿ ಇಟ್ಟರು.

ಕೇಳಲು ನನಗೆ ಭಯ, ಕೇಳದೆ ಇರಲು ಆಗದು. ಕೊಡ ತುಂಬಿದ್ದರೂ ಮತ್ತೆ ನೀರಿಗೆ ಹೋಗುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಅವರೇ ಕೇಳಿದರು. ಕೈ ತೊಳೆದು ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು.

"ಆ ಡ್ರೈವರ್ ಯಾರು?"

"ಯಾವ ಡ್ರೈವರು?"

"ಪುಸ್ತಕದಲ್ಲಿರೋನು. ಹಾಡು ಹೇಳ್ತಾನಲ್ಲ. ಸ್ಟ್ಯಾಂಡಲ್ಲಿ ಎಲ್ರೂ ಕೇಳ್ತಾವ್ರೆ."

ಆಗ ಅರ್ಥವಾಯಿತು. ಅದೇ ದಾರಿಯ ಇನ್ನೊಂದು ಬಸ್ಸಿಗೆ ಒಬ್ಬ ಹೊಸ ಹುಡುಗ ಬಂದಿದ್ದ, ಗಾಡಿ ಓಡಿಸುತ್ತ ಹಾಡುವವನು. ಗಂಡನ ಬಸ್ಸಿನಲ್ಲೇ ಮಾರಿದ ಪುಸ್ತಕ ಬರೆದವಳು ಯಾರೆಂದು ಊಹಿಸಿ, ಜನ ಅವನಿಗೂ ನನಗೂ ಗಂಟು ಹಾಕಿದ್ದರು. ಅವನ ಮುಖವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಹಾಡು ಎಲ್ಲೋ ಕೇಳಿದ್ದು, ಯಾರದಾದರೂ ಆಗಬಹುದು. ತಿರುವಿನಲ್ಲಿ ಸ್ಟೀರಿಂಗ್ ಹಿಡಿಯುವ ಕೈ ನಿಮ್ಮದು, ನಾನು ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದು.

"ಮಾತು?" ಎಂದರು. "ಅವ್ನು ಅಷ್ಟೊಂದು ಮಾತಾಡ್ತಾನಲ್ಲ, ಅದು ಯಾರ್ದು?"

"ಅದು ನಾನು ಕೇಳ್ಬೇಕು ಅಂತಿದ್ದ ಮಾತು."

"ನಂಗೆ ಹಂಗೆಲ್ಲ ಮಾತಾಡಕ್ಕೆ ಬರಲ್ಲ," ಎಂದರು.

"ಗೊತ್ತು. ಅದಕ್ಕೇ ಬರ್ದಿದ್ದು."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ವಾರವಿಡೀ ನಾನು ಒಂದು ಸಾಲೂ ಬರೆಯಲಿಲ್ಲ. ಬರೆದದ್ದೇ ತಪ್ಪಾಯಿತೇ ಎಂದು ಒಂದು ಗಳಿಗೆ, ಇನ್ನೂ ಬರೆಯಬೇಕಿತ್ತು ಎಂದು ಇನ್ನೊಂದು ಗಳಿಗೆ.

ಶನಿವಾರ ಬೆಳಿಗ್ಗೆ ಪುಸ್ತಕದ ಕಟ್ಟನ್ನು ಹೆಗಲಿಗೇರಿಸಿ, ನೀನೂ ಸಂತೆಗೆ ಹೊರಡು ಎಂದರು. ಬರೆದವಳೇ ಎದುರಿಗೆ ಕೂತರೆ ಕೇಳುವುದನ್ನು ಅವಳನ್ನೇ ಕೇಳುತ್ತಾರೆ, ನನಗೆ ಗಾಡಿ ಓಡಿಸಲು ಬಿಡುತ್ತಾರೆ ಎಂದರು. ಅತ್ತೆ ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ಒಳಗಿಂದ ಒಂದು ಗೋಣಿತಾಟು ತಂದುಕೊಟ್ಟರು, ಕೂರಲು.

ಸಂತೆಯಲ್ಲಿ ಬೆಳ್ಳುಳ್ಳಿ ರಾಶಿಯ ಪಕ್ಕ ಜಾಗ ಸಿಕ್ಕಿತು. ಎದ್ದು ಓಡಿಹೋಗಬೇಕೆಂದು ಎಷ್ಟು ಸಲ ಅನಿಸಿತೋ. ಜನ ಪುಸ್ತಕಗಳನ್ನು ಕಾಲಿನಿಂದ ಸರಿಸಿಕೊಂಡು ಹೋಗುತ್ತಿದ್ದರು. ಕೊನೆಗೆ ಮೆಣಸಿನಕಾಯಿ ಚೀಲ ಹೊತ್ತಿದ್ದ ಒಬ್ಬ ಹೆಂಗಸು ನಿಂತಳು. ತನಗೆ ಓದು ಬಾರದು, ಮಗಳು ಓದಿ ಹೇಳುತ್ತಾಳೆ ಎಂದಳು. ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದಳು.

"ಕೊನೇಲಿ ಸಾಯ್ತಾರಾ, ಬದುಕ್ತಾರಾ?"

"ಬದುಕ್ತಾರೆ."

"ಹಂಗಾರೆ ಕೊಡವ್ವ. ಸಾಯೋದು ನಮ್ಮನೇಲೇ ಆಗಿಹೋಗೈತೆ."

ಅವಳ ಕೈಗೆ ಪುಸ್ತಕ ಕೊಟ್ಟೆ. ಹಿಂದಿನ ರಾತ್ರಿಯವರೆಗೂ, ಆ ಇಬ್ಬರನ್ನು ಕೊನೆಯಲ್ಲಿ ಅಗಲಿಸಿದ್ದರೆ ದೊಡ್ಡ ಕಾದಂಬರಿಯಾಗುತ್ತಿತ್ತೇನೋ ಎಂದು ಕೊರಗುತ್ತಿದ್ದವಳು ನಾನು. ಆ ಕೊರಗು ಅಲ್ಲಿಗೆ ಮುಗಿಯಿತು. ಸಂತೆ ಎದ್ದಾಗ ಕಟ್ಟಿನಲ್ಲಿ ಅರ್ಧ ಉಳಿದಿತ್ತು. ವಾಪಸು ಬರುವಾಗ ಬಸ್ಸು ಹೆಚ್ಚುಕಡಿಮೆ ಖಾಲಿ. ನಮ್ಮ ಮನೆಯವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಮುಂದಿನದು ಶುರು ಮಾಡಿದೆಯಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಇನ್ನೊಂದರಲ್ಲಿ ಡ್ರೈವರ್ ಬೇಡ ಎಂದರು. ನಗುತ್ತಿದ್ದರೋ ಇಲ್ಲವೋ, ಹಿಂದಿನಿಂದ ಕಾಣಲಿಲ್ಲ.

ಮುಂದಿನದರಲ್ಲಿ ನಾಯಕ ಜಮೀನು ಅಳೆಯುವವನು. ಆಮೇಲಿನದರಲ್ಲಿ ತಿತಿಮತಿಯ ಅರಣ್ಯ ಇಲಾಖೆಯವನು. ನಮ್ಮ ರಾಜ್ಯ ಮೈಸೂರಿಗೆ ಸೇರಿಹೋದ ಮೇಲೂ ಅದೇ ಕೋಣೆಯಲ್ಲಿ, ಅದೇ ಎಂಟೆಂಟು ಪುಟವಾಗಿ ಅಚ್ಚಾದವು. ಅಷ್ಟರಲ್ಲಿ, ನಮ್ಮ ಮನೆಯವರು ಊಟಕ್ಕೆ ಕೂತಾಗ ಬರೆದದ್ದನ್ನು ನಾನು ಓದಿ ಹೇಳುವುದು ರೂಢಿಯಾಗಿತ್ತು. ಚೆನ್ನಾಗಿದೆ ಎಂದು ಒಂದು ದಿನವೂ ಹೇಳಲಿಲ್ಲ. ತಟ್ಟೆಯಲ್ಲಿ ಅನ್ನ ಆರಿ ಹೋಗಿದ್ದರೆ ಅಧ್ಯಾಯ ಸರಿಯಾಗಿದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಬಿಸಿಬಿಸಿಯಾಗಿ ಉಂಡು ಕೈ ತೊಳೆದು ಎದ್ದುಬಿಟ್ಟ ದಿನ ಆ ಹಾಳೆಗಳನ್ನು ಹರಿದು ಒಲೆಗೆ ಹಾಕಿ, ಒಗೆಯುವ ಬಟ್ಟೆ ಇಲ್ಲದಿದ್ದರೂ ಒಂದೆರಡು ಹುಡುಕಿಕೊಂಡು ಹೊಳೆಯ ಕಡೆ ಹೊರಡುತ್ತಿದ್ದೆ.